‘ನಮ್ಮವರೇ ಅಲ್ವಾ, ಕಾಗದ ಯಾಕೆ?’: ಫ್ರೀಲಾನ್ಸ್ ಡಿಸೈನ್ ಕೆಲಸಕ್ಕೆ ಕರಾರು ಬರೆಯುವ ಬಗೆ

ಪ್ರಶ್ನೆ: ನಾನು ಹುಬ್ಬಳ್ಳಿಯವಳು, ಒಂಬತ್ತು ವರ್ಷದಿಂದ ಪುಣೆಯಲ್ಲಿದ್ದೇನೆ. ಎರಡು ವರ್ಷದ ಹಿಂದೆ ಏಜೆನ್ಸಿ ಕೆಲಸ ಬಿಟ್ಟು ಮನೆಯಿಂದಲೇ ಗ್ರಾಫಿಕ್ ಡಿಸೈನ್ ಮಾಡುತ್ತಿದ್ದೇನೆ. ಮುಂಬಯಿಯಲ್ಲಿ ಹೋಟೆಲ್ ನಡೆಸುವ ನಮ್ಮ ಕನ್ನಡದವರೊಬ್ಬರು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟನ್ನು ಪೌಚಿನಲ್ಲಿ ಹಾಕಿ ಮಾರುವ ಹೊಸ ವ್ಯಾಪಾರ ಶುರು ಮಾಡಿದರು. ಒಂದು ಲೋಗೋ, ಆರು ಪೌಚ್ ಡಿಸೈನ್, ಒಟ್ಟು 85,000 ರೂಪಾಯಿ ಅಂತ ಫೋನಿನಲ್ಲೇ ಮಾತಾಯಿತು. 25,000 ಅಡ್ವಾನ್ಸ್ ಬಂತು. ಆಮೇಲೆ ಆರು ಪೌಚ್ ಹನ್ನೊಂದಾಯಿತು. ಲೋಗೋ ಹದಿನಾಲ್ಕು ಸಲ ಬದಲಾಯಿತು. ನಾಲ್ಕು ತಿಂಗಳಾದ ಮೇಲೆ ಈಗ, ‘ಮನೆಯವರಿಗೆ ಅಷ್ಟು ಹಿಡಿಸಲಿಲ್ಲಮ್ಮಾ, ಓಪನ್ ಫೈಲ್ (ತಿದ್ದಲು ಬರುವ ಮೂಲ ಫೈಲ್) ಕಳಿಸು, ನಮ್ಮ ಹುಡುಗ ಸರಿ ಮಾಡಿಕೊಳ್ತಾನೆ, ಬಾಕಿ ಆಮೇಲೆ ನೋಡೋಣ’ ಅನ್ನುತ್ತಾರೆ. ಆದರೆ ಮುಂಬಯಿ ಪಕ್ಕದ ಠಾಣೆ ಊರಿನಲ್ಲಿರುವ ಅವರ ಅಂಗಡಿಯ ಬೋರ್ಡಿನ ಮೇಲೆ ನನ್ನ ಲೋಗೋ ಆಗಲೇ ಇದೆ. ನನ್ನ ಹತ್ತಿರ ವಾಟ್ಸ್ಆ್ಯಪ್ ಮಾತು ಬಿಟ್ಟರೆ ಯಾವ ಕಾಗದವೂ ಇಲ್ಲ. ಸ್ಟ್ಯಾಂಪ್ ಪೇಪರ್ ಇಲ್ಲದೆ ಏನೂ ಆಗುವುದಿಲ್ಲ ಅನ್ನುತ್ತಾರೆ, ನಿಜವೇ? ಇದರ ನಡುವೆ ಗೋವಾದ ಒಂದು ಹೋಮ್‌ಸ್ಟೇ ಕಂಪನಿ 14 ಪುಟದ ಇಂಗ್ಲಿಷ್ ಕರಾರು ಕಳಿಸಿದೆ. ಮನಸ್ಸಿಗೆ ಒಪ್ಪುವವರೆಗೆ ಬದಲಾವಣೆ, 90 ದಿನಕ್ಕೆ ಹಣ, ‘ವರ್ಕ್ ಫಾರ್ ಹೈರ್’, ಎರಡು ವರ್ಷ ಬೇರೆ ಹೋಮ್‌ಸ್ಟೇಗೆ ಕೆಲಸ ಮಾಡಬಾರದು ಅಂತೆಲ್ಲ ಇದೆ. ಸಹಿ ಹಾಕಲೇ? ಇನ್ನು ಮುಂದೆ ನನ್ನದೇ ಕರಾರಿನಲ್ಲಿ ಏನು ಬರೆಯಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ 60,000 ಬಾಕಿ ಬರಬೇಕು. ಹೆಚ್ಚಿಗೆ ಮಾಡಿದ ಐದು ಪೌಚಿನ ಲೆಕ್ಕ ಬೇರೆ. ಆದರೆ ನಿಮಗೆ ಜಾಸ್ತಿ ನೋವಾಗಿರುವುದು ಬೋರ್ಡ್ ನೋಡಿ ಅಂತ ಅನ್ನಿಸುತ್ತದೆ. ಹಿಡಿಸಲಿಲ್ಲ ಅಂದವರೇ ಅದನ್ನು ಅಂಗಡಿಯ ತಲೆಯ ಮೇಲೆ ಹಾಕಿಕೊಂಡಿದ್ದಾರೆ. ‘ನಮ್ಮವರು’ ಅಂತ ನಂಬಿ ಕೆಲಸ ಹಿಡಿದದ್ದೇ ತಪ್ಪಾಯಿತಾ ಅನ್ನುವ ಪ್ರಶ್ನೆ ನಿಮ್ಮ ಪತ್ರದ ಅಡಿಯಲ್ಲಿದೆ. ತಪ್ಪಾಗಿಲ್ಲ. ನಂಬಿಕೆಯಿಂದಲೇ ಕೆಲಸ ಶುರುವಾಗುತ್ತದೆ. ಆದರೆ ಕೆಲಸ ಎಲ್ಲಿಗೆ ಮುಗಿಯುತ್ತದೆ ಅಂತ ನೀವಿಬ್ಬರೂ ಮಾತಾಡಿಕೊಳ್ಳಲಿಲ್ಲ. ಮುಂಬಯಿಯಲ್ಲಿ ಇಪ್ಪತ್ತು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಹೋಟೆಲಿನವರು, ಪ್ರೆಸ್ಸಿನವರು, ಡಿಸೈನರ್‌ಗಳು, ಎಲ್ಲರಿಗೂ ಕರಾರು ಬರೆದುಕೊಟ್ಟಿದ್ದೇನೆ. ನನ್ನ ಮೇಜಿಗೆ ಬಂದ ಡಿಸೈನ್ ಜಗಳಗಳಲ್ಲಿ ಮುಕ್ಕಾಲು ಪಾಲಿಗೆ ಕಾರಣ ಮೋಸ ಅಲ್ಲ. ‘ಮುಗಿಯಿತು’ ಅನ್ನುವ ಮಾತಿಗೆ ಇಬ್ಬರ ಮನಸ್ಸಿನಲ್ಲಿ ಬೇರೆ ಬೇರೆ ಅರ್ಥ ಇದ್ದದ್ದೇ ಕಾರಣ.

ಮೊದಲು ಕಾಗದದ ಭಯ ಬಿಡಿಸೋಣ. ಕಾಗದ ಇಲ್ಲದಿದ್ದರೆ ಕರಾರೇ ಇಲ್ಲ ಅನ್ನುವುದು ಸುಳ್ಳು. ನಮ್ಮ ಕರಾರು ಕಾಯ್ದೆ 1872ರದು. ಅದರ 10ನೇ ಕಲಂ ಕೇಳುವುದು ಇಷ್ಟೇ: ಇಬ್ಬರೂ ಸ್ವಂತ ಮನಸ್ಸಿನಿಂದ ಒಪ್ಪಿರಬೇಕು, ಒಪ್ಪುವ ಅರ್ಹತೆ ಇರಬೇಕು, ಕೆಲಸಕ್ಕೆ ಪ್ರತಿಫಲ ಇರಬೇಕು, ಉದ್ದೇಶ ಕಾನೂನಿಗೆ ವಿರುದ್ಧ ಇರಬಾರದು. ಬಾಯಿಮಾತಿನ ಕರಾರೂ ಕರಾರೇ. ಇಮೇಲ್, ಮೆಸೇಜ್ ಮೂಲಕ ಆದ ಒಪ್ಪಂದವನ್ನು ಎಲೆಕ್ಟ್ರಾನಿಕ್ ಅನ್ನುವ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಅಂತ 2000ದ ಐಟಿ ಕಾಯ್ದೆಯ 10ಎ ಕಲಂ ಹೇಳುತ್ತದೆ. ನೀವು ‘85,000ಕ್ಕೆ ಮಾಡ್ತೀನಿ’ ಅಂದಿರಿ, ಅವರು 25,000 ಹಾಕಿದರು, ನೀವು ಕೆಲಸ ಶುರು ಮಾಡಿದಿರಿ. ಅಲ್ಲಿಗೆ ಕರಾರು ಆಯಿತು. ಕಷ್ಟ ಇರುವುದು ರುಜುವಾತಿನಲ್ಲಿ. ಎಷ್ಟು ಪೌಚ್, ಎಷ್ಟು ಸಲ ಬದಲಾವಣೆ, ಬಾಕಿ ಯಾವಾಗ ಅನ್ನುವುದೆಲ್ಲ ಫೋನಿನಲ್ಲಿ ಹೋಗಿಬಿಟ್ಟಿದೆ.

ಸ್ಟ್ಯಾಂಪ್ ಪೇಪರಿನ ವಿಷಯವೂ ಹಾಗೇ. ಸ್ಟ್ಯಾಂಪ್ ಅಂದರೆ ಸರಕಾರಕ್ಕೆ ಕಟ್ಟುವ ಶುಲ್ಕ. ಕರಾರಿಗೆ ಜೀವ ಕೊಡುವುದು ಅದಲ್ಲ. ಸಹಿ ಮಾಡಿದ ಕರಾರಿಗೆ ಸ್ಟ್ಯಾಂಪ್ ಇಲ್ಲದಿದ್ದರೆ ಕೋರ್ಟು ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವ ಮೊದಲು ಶುಲ್ಕ ಮತ್ತು ದಂಡ ಕಟ್ಟಿಸಿಕೊಳ್ಳುತ್ತದೆ. ಸರಿಪಡಿಸಬಹುದಾದ ಕೊರತೆ ಅದು. ಮಹಾರಾಷ್ಟ್ರದಲ್ಲಿ ಇಂಥ ಸಾಮಾನ್ಯ ಕರಾರಿಗೆ 2024ರ ಅಕ್ಟೋಬರ್‌ವರೆಗೆ 100 ರೂಪಾಯಿ ಸ್ಟ್ಯಾಂಪ್ ಸಾಕಿತ್ತು, ಈಗ 500. ಲಕ್ಷದ ಕೆಲಸ ಆದರೆ 500 ಕಟ್ಟಿಬಿಡಿ. ನೋಟರಿ ಬೇಕೇ ಬೇಕು ಅಂತ ಏನಿಲ್ಲ.

ಹಾಗಾದರೆ ಹಳೇ ಬಾಕಿಗೆ ಇವತ್ತು ಏನು ಮಾಡಬೇಕು? ಮೊದಲು ಆ ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆಗೆ ಒಂದು ಪ್ರಮಾಣಪತ್ರ ಕೊಡಬೇಕು, ಆಗ ನಿಮ್ಮ ಚಾಟ್ ಕೋರ್ಟಿನಲ್ಲಿ ನಿಲ್ಲುತ್ತದೆ. ಅಡ್ವಾನ್ಸ್ ಬಂದ ಬ್ಯಾಂಕ್ ಎಂಟ್ರಿ, ಕಳಿಸಿದ ಫೈಲುಗಳ ತಾರೀಕು, ಠಾಣೆ ಬೋರ್ಡಿನ ಫೋಟೋ ಎಲ್ಲ ಒಂದು ಕಡೆ ಸೇರಿಸಿ. ಬಾಕಿಗೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷ ಸಮಯ ಇರುತ್ತದೆ, ಆದ್ದರಿಂದ ಗಾಬರಿ ಬೇಡ.

ಆಮೇಲೆ ಒಂದು ಮೆಸೇಜ್ ಕಳಿಸಿ. ಸಿಟ್ಟು ಬೇಡ. ‘ಅಣ್ಣಾ, ಲೆಕ್ಕ ಒಂದ್ಸಲ ಸರಿ ನೋಡ್ಕೊಳ್ಳೋಣ. ಲೋಗೋ ಮತ್ತು ಆರು ಪೌಚಿಗೆ 85,000 ಅಂತ ಮಾತಾಗಿತ್ತು. 25,000 ಬಂದಿದೆ. ಆಮೇಲೆ ನೀವು ಹೇಳಿದ ಹಾಗೆ ಇನ್ನೂ ಐದು ಪೌಚ್ ಮಾಡಿಕೊಟ್ಟಿದ್ದೇನೆ. ಲೋಗೋ ಠಾಣೆ ಅಂಗಡಿಯಲ್ಲಿ ಹಾಕಿದ್ದು ನೋಡಿ ಖುಷಿಯಾಯ್ತು. ಇದರಲ್ಲಿ ಏನಾದರೂ ತಪ್ಪಿದ್ದರೆ ಹೇಳಿ.’ ಅವರು ಏನೇ ಉತ್ತರ ಕೊಟ್ಟರೂ ಅದು ನಿಮಗೆ ದಾಖಲೆ. ‘ಕೊಡ್ತೀನಿ, ಹಬ್ಬ ಮುಗೀಲಿ’ ಅಂದರೂ ಬಾಕಿ ಇದೆ ಅಂತ ಒಪ್ಪಿಕೊಂಡ ಹಾಗಾಯಿತು.

ಈಗ ನಿಮ್ಮ ಕೈಯಲ್ಲಿರುವ ಗಟ್ಟಿ ಅಂಶ ಹೇಳುತ್ತೇನೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ ಕೃತಿಯ ಮೊದಲ ಒಡೆತನ ಮಾಡಿದವರದು. ಸಂಬಳದ ನೌಕರ ಕೆಲಸದ ಭಾಗವಾಗಿ ಮಾಡಿದರೆ ಮಾಲಿಕನದು. ನೀವು ಅವರ ನೌಕರಳಲ್ಲ. ಆದ್ದರಿಂದ ಲೋಗೋ ಚಿತ್ರದ ಹಕ್ಕು ಇವತ್ತಿಗೂ ನಿಮ್ಮ ಹತ್ತಿರವೇ ಇದೆ. ಅದು ಅವರಿಗೆ ಹೋಗಬೇಕಾದರೆ 19ನೇ ಕಲಂ ಪ್ರಕಾರ ನೀವು ಸಹಿ ಹಾಕಿದ ಬರಹ ಬೇಕು. ದುಡ್ಡು ಕೊಟ್ಟೆ, ಹಕ್ಕು ಬಂತು ಅಂತ ತುಂಬಾ ಜನ ತಿಳಿದಿದ್ದಾರೆ, ಅದು ಸರಿಯಲ್ಲ. ನಾಳೆ ಅವರ ಬ್ರ್ಯಾಂಡ್ ಬೆಳೆದು ಯಾರಾದರೂ ಹಣ ಹಾಕಲು ಬಂದರೆ ಮೊದಲು ಕೇಳುವ ಕಾಗದಗಳಲ್ಲಿ ಇದೂ ಒಂದು. ಅಂದರೆ ಕಾಗದ ನಿಮಗಿಂತ ಅವರಿಗೇ ಜಾಸ್ತಿ ಬೇಕು. ಇದನ್ನು ಬೆದರಿಕೆಯಾಗಿ ಹೇಳಬೇಡಿ. ‘ಬಾಕಿ ಬಂದ ದಿನವೇ ಹಕ್ಕಿನ ಪತ್ರಕ್ಕೆ ಸಹಿ ಮಾಡಿ ಓಪನ್ ಫೈಲ್ ಜೊತೆಗೆ ಕೊಡ್ತೀನಿ’ ಅಂತ ಹೇಳಿ. ಇಲ್ಲಿ ಒಂದು ಎಚ್ಚರಿಕೆಯೂ ಇದೆ. ಅಡ್ವಾನ್ಸ್ ಕೊಟ್ಟಿದ್ದೇನೆ, ಬಳಸಲು ಅನುಮತಿ ಇತ್ತು ಅಂತ ಅವರು ವಾದಿಸಬಹುದು. ಆ ವಾದದಲ್ಲಿ ಸ್ವಲ್ಪ ಹುರುಳಿದೆ. ಹಾಗಾಗಿ ಬೋರ್ಡ್ ಇಳಿಸಿ ಅಂತ ಹಠ ಹಿಡಿಯುವುದಕ್ಕಿಂತ ಹಣ ಕೇಳುವುದೇ ಮೇಲು. ಹೆಚ್ಚಿನ ಐದು ಪೌಚಿಗೆ ಕರಾರು ಕಾಯ್ದೆಯ 70ನೇ ಕಲಂ ನೆರವಾಗುತ್ತದೆ: ಪುಕ್ಕಟೆ ಅಂತ ಹೇಳದೆ ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಅದಕ್ಕೆ ತಕ್ಕದ್ದು ಕೊಡಬೇಕು.

ಮಾತಿಗೆ ಬಗ್ಗದಿದ್ದರೆ ಮುಂದಿನ ದಾರಿ ನಿಮ್ಮ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರಕಾರ ಕೊಡುವ ನೋಂದಣಿ, ಅದರ ಮೇಲೆ ನಿಂತಿದೆ. 2020ರ ಜುಲೈ 1ರಿಂದ ಈ ನೋಂದಣಿ ಶುರುವಾಗಿದೆ. ಸರಕಾರದ ಪೋರ್ಟಲ್‌ನಲ್ಲಿ ಆಧಾರ್ ಮೇಲೆ ಆಗುತ್ತದೆ, ಒಂದು ಪೈಸೆ ಖರ್ಚಿಲ್ಲ. ದುಡ್ಡು ಕೇಳುವ ವೆಬ್‌ಸೈಟ್‌ಗಳಿಂದ ದೂರ ಇರಿ. ಒಬ್ಬರೇ ಮನೆಯಲ್ಲಿ ಕೂತು ಡಿಸೈನ್ ಮಾಡುವವರೂ ಸೇವೆ ಕೊಡುವ ಸೂಕ್ಷ್ಮ ಉದ್ಯಮ ಅಂತ ನೋಂದಾಯಿಸಿಕೊಳ್ಳಬಹುದು. ಈ ಕೆಲಸ ಹಿಡಿಯುವ ಮೊದಲೇ ಮಾಡಿಸಿಕೊಂಡಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆಯ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ) ಕೆಳಗೆ ಬಾಕಿ ಹಣದ ತಕರಾರು ತೀರಿಸುವ, ನೀವಿರುವ ಕಡೆಯ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗಬಹುದು. ಪಾರ್ಟಿ (ಕೆಲಸ ಕೊಟ್ಟವರು) ಮುಂಬಯಿಯಲ್ಲಿರಲಿ, ಪಣಜಿಯಲ್ಲಿರಲಿ, ಪುಣೆಯವರಾದ ನೀವು ಅವರ ಊರಿಗೆ ಓಡಬೇಕಾಗಿಲ್ಲ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. 90 ದಿನದಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ನಾನು ನೋಡಿದಂತೆ ಅದಕ್ಕಿಂತ ಜಾಸ್ತಿ ಸಮಯ ಹಿಡಿಯುತ್ತದೆ. ಆದರೂ ಕೌನ್ಸಿಲ್‌ನ ಪತ್ರ ಕೈಗೆ ಬಂದ ಕೂಡಲೇ ಹಣ ಕಳಿಸಿದ ಪಾರ್ಟಿಗಳಿದ್ದಾರೆ. ನೋಂದಣಿ ಕೆಲಸ ಆದ ಮೇಲೆ ಮಾಡಿಸಿದ್ದರೆ ಹಳೇ ಬಾಕಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ಮುಂದಿನ ಕೆಲಸಕ್ಕಾಗಿ ಇವತ್ತೇ ಮಾಡಿಸಿ.

ಅದಿಲ್ಲದಿದ್ದರೆ ವಕೀಲರ ನೋಟಿಸು, ಆಮೇಲೆ ದಾವೆ. ಬರಹದಲ್ಲಿ ಮೊತ್ತ ಸ್ಪಷ್ಟವಾಗಿದ್ದರೆ ಸಮ್ಮರಿ ದಾವೆ ಹಾಕಬಹುದು, ಅದರಲ್ಲಿ ಎದುರಿನವರು ವಾದ ಮಾಡಲು ಕೋರ್ಟಿನ ಅನುಮತಿ ಪಡೆಯಬೇಕಾಗುತ್ತದೆ. 60,000ಕ್ಕೆ ಇದೆಲ್ಲ ಬೇಕಾ ಅಂತ ನೀವೇ ಯೋಚಿಸಬೇಕು. ನನ್ನ ಸಲಹೆ ಕೇಳಿದರೆ ನೋಟಿಸಿನವರೆಗೆ ಹೋಗಿ, ಅದರ ನಡುವೆ ಇಬ್ಬರಿಗೂ ಗೊತ್ತಿರುವ ಹಿರಿಯರೊಬ್ಬರನ್ನು ಕೂರಿಸಿ ಮಾತಾಡಿಸಿ. ನಮ್ಮ ಹೋಟೆಲಿನವರ ನಡುವೆ ಸಂಘದ ಹಿರಿಯರ ಮಾತಿಗೆ ಇವತ್ತಿಗೂ ತೂಕ ಇದೆ. ಎರಡು ಕೆಲಸ ಮಾತ್ರ ಮಾಡಬೇಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಅವರ ಹೆಸರು ಹಾಕಿ ಕಳ್ಳರು ಅಂತ ಬರೆಯಬೇಡಿ, ಮಾನನಷ್ಟದ ಕೇಸು ನಿಮ್ಮ ಮೇಲೇ ತಿರುಗುತ್ತದೆ. ಪೊಲೀಸ್ ಠಾಣೆಗೂ ಓಡಬೇಡಿ, ಇದು ಸಿವಿಲ್ ವಿಷಯ ಅಂತ ವಾಪಸ್ ಕಳಿಸುತ್ತಾರೆ.

ಇನ್ನು ಕರಾರಿನ ಮಾತು. ಎಂಟು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಗುತ್ತದೆ. ಉಪ್ಪಿನಕಾಯಿ ಮಾರುವವರೊಬ್ಬರು ಮತ್ತು ಅವರ ಡಿಸೈನರ್ ಹುಡುಗ ಒಟ್ಟಿಗೇ ನನ್ನ ಆಫೀಸಿಗೆ ಬಂದರು. ಮೇಜಿನ ಮೇಲೆ ಒಂದು ಪೌಚ್ ಇಟ್ಟರು. ಕನ್ನಡದಲ್ಲಿ ‘ಮಾವಿನಕಯಿ’ ಅಂತ ಅಚ್ಚಾಗಿತ್ತು, ‘ಕಾ’ದ ದೀರ್ಘ ಬಿದ್ದುಹೋಗಿತ್ತು. ಹುಡುಗ ಹಳೇ ಕನ್ನಡ ಫಾಂಟಿನಲ್ಲಿ ಮಾಡಿದ್ದ, ಲೋವರ್ ಪರೇಲಿನ ಪ್ರೆಸ್ಸಿನಲ್ಲಿ ಫೈಲ್ ತೆರೆದಾಗ ಅಕ್ಷರ ಒಡೆದಿತ್ತು. 20,000 ಪೌಚ್ ಬಂದು ಬಿದ್ದಿತ್ತು. ಈ ಪೌಚುಗಳನ್ನು ಗ್ರಾವ್ಯೂರ್‌ನಲ್ಲಿ ಅಚ್ಚು ಹಾಕುತ್ತಾರೆ. ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೆತ್ತಬೇಕು. ತಪ್ಪು ತಿದ್ದಬೇಕಾದರೆ ಸಿಲಿಂಡರನ್ನೇ ಮತ್ತೆ ಮಾಡಿಸಬೇಕು. ‘ನೀವು ಓಕೆ ಅಂದಿದ್ರಿ’ ಅಂತ ಹುಡುಗ ಫೋನ್ ತೋರಿಸಿದ. ಪ್ರೂಫ್ (ಅಚ್ಚಿಗೆ ಮೊದಲು ನೋಡಲು ಕೊಡುವ ಪ್ರತಿ) ಕಳಿಸಿದ ಕೆಳಗೆ ಹೆಬ್ಬೆರಳು ಎತ್ತಿದ ಒಂದು ಇಮೋಜಿ ಗುರುತು ಇತ್ತು. ಪ್ರೂಫಿಗೂ ಆ ಗುರುತಿಗೂ ನಡುವೆ ಗಣಪತಿ ಹಬ್ಬದ ಶುಭಾಶಯ ಇತ್ತು. ಉಪ್ಪಿನಕಾಯಿಯವರು ಹಣೆ ಒತ್ತಿಕೊಂಡು, ‘ನಾನು ಹಾಕಿದ್ದು ಹಬ್ಬಕ್ಕೆ ಮಾರಾಯ್ರೇ’ ಅಂದರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಕೊನೆಗೆ ನಷ್ಟವನ್ನು ಅರ್ಧ ಅರ್ಧ ಹಂಚಿಕೊಂಡರು. ಆ ಹುಡುಗನಿಗೆ ಆ ಕೆಲಸದಲ್ಲಿ ಸಿಕ್ಕಿದ್ದಕ್ಕಿಂತ ಕೈಯಿಂದ ಹೋದದ್ದೇ ಜಾಸ್ತಿ.

ಅವತ್ತಿನಿಂದ ನಾನು ಬರೆಯುವ ಪ್ರತಿ ಡಿಸೈನ್ ಕರಾರಿನಲ್ಲಿ ಒಪ್ಪಿಗೆಯ ಕಲಮನ್ನು ಮೊದಲು ಬರೆಯುತ್ತೇನೆ, ಹಣದ ಕಲಂ ಆಮೇಲೆ. ಒಪ್ಪಿಗೆ ಯಾರು ಕೊಡಬೇಕು, ಹೇಗೆ ಕೊಡಬೇಕು, ಕೊಡದೆ ಸುಮ್ನೆ ಕೂತರೆ ಏನು? ಇದು ಮೂರು ಸಾಲಿನಲ್ಲಿ ಬರಬೇಕು. ನೀವು ಹೀಗೆ ಬರೆಯಬಹುದು: ‘ಪಾರ್ಟಿಯ ಕಡೆಯಿಂದ ಒಪ್ಪಿಗೆ ಹೇಳುವವರು ಒಬ್ಬರೇ, ಅವರ ಹೆಸರು ಮತ್ತು ಇಮೇಲ್ ಇಲ್ಲಿದೆ. ಒಪ್ಪಿಗೆಯನ್ನು ಇಮೇಲ್‌ನಲ್ಲಿ, ಯಾವ ಫೈಲಿಗೆ ಅಂತ ಹೆಸರಿಸಿ ಕೊಡಬೇಕು. ಫೈಲ್ ಕಳಿಸಿದ 7 ದಿನದೊಳಗೆ ತಕರಾರು ಬರಹದಲ್ಲಿ ಬಾರದಿದ್ದರೆ ಆ ಹಂತ ಒಪ್ಪಿಗೆಯಾಗಿದೆ ಅಂತ ತಿಳಿಯಲಾಗುವುದು.’ ನಿಮ್ಮ ವಿಷಯದಲ್ಲಿ ‘ಮನೆಯವರಿಗೆ ಹಿಡಿಸಲಿಲ್ಲ’ ಅನ್ನುವ ಮಾತು ನಾಲ್ಕು ತಿಂಗಳ ಮೇಲೆ ಬಂತು. ಮನೆಯವರು ನೋಡಲಿ, ಖಂಡಿತ ನೋಡಲಿ. ಆದರೆ ಅವರೆಲ್ಲರ ಅಭಿಪ್ರಾಯ ಸೇರಿಸಿ ಒಬ್ಬರೇ ನಿಮಗೆ ಹೇಳಬೇಕು. ಉದ್ಯಮ್ ನೋಂದಣಿ ಇದ್ದವರಿಗೆ ಎಂಎಸ್‌ಎಂಇಡಿ ಕಾಯ್ದೆಯಲ್ಲೇ ಇಂಥ ಒಂದು ಆಸರೆ ಇದೆ: ಕೆಲಸ ಒಪ್ಪಿಸಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬಾರದಿದ್ದರೆ, ಒಪ್ಪಿಸಿದ ದಿನವೇ ಸ್ವೀಕಾರವಾಯಿತು ಅಂತ ಲೆಕ್ಕ.

ಪ್ರಿಂಟಿಗೆ ಹೋಗುವ ಕೆಲಸವಾದರೆ ಇನ್ನೊಂದು ಸಾಲು ಬೇಕೇ ಬೇಕು. ಪೌಚಿನ ಮೇಲಿನ ಬರಹದ ಜವಾಬ್ದಾರಿ ಪಾರ್ಟಿಯದು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ನಂಬರ್, ತೂಕ, ಬೆಲೆ, ಪದಾರ್ಥಗಳ ಪಟ್ಟಿ, ಸಸ್ಯಾಹಾರದ ಹಸಿರು ಗುರುತು, ಕನ್ನಡ ಮರಾಠಿ ಕಾಗುಣಿತ, ಎಲ್ಲವನ್ನೂ ಅವರು ಕೊನೆಯ ಪ್ರೂಫಿನಲ್ಲಿ ಓದಿ ಸಹಿ ಹಾಕಬೇಕು. ಮೊಬೈಲ್ ಪರದೆಯ ಬಣ್ಣಕ್ಕೂ ಅಚ್ಚಿನ ಬಣ್ಣಕ್ಕೂ ವ್ಯತ್ಯಾಸ ಇರುತ್ತದೆ, ಪ್ರೆಸ್ಸಿನ ಪ್ರೂಫ್ ನೋಡಿಯೇ ಬಣ್ಣ ಒಪ್ಪಬೇಕು ಅಂತಲೂ ಬರೆಯಿರಿ.

ಕೆಲಸದ ವಿವರವನ್ನು ಎಣಿಸಿ ಬರೆಯಬೇಕು. ‘ಬ್ರ್ಯಾಂಡಿಂಗ್ ಕೆಲಸ’ ಅಂತ ಬರೆದರೆ ಅದರೊಳಗೆ ಬೋರ್ಡ್, ಮೆನು, ಟೀ ಶರ್ಟ್, ದೀಪಾವಳಿ ಪೋಸ್ಟ್ ಎಲ್ಲ ನುಗ್ಗುತ್ತದೆ. ‘ಲೋಗೋ 1, ಮೊದಲಿಗೆ 3 ಮಾದರಿ, ಆರಿಸಿದ ಒಂದರ ಮೇಲೆ 2 ಸುತ್ತು ತಿದ್ದುಪಡಿ. ಪೌಚ್ 6, ಒಂದೇ ಅಳತೆ, ಒಂದೇ ವಿನ್ಯಾಸದ ಆರು ರುಚಿ. ಇದರಲ್ಲಿ ಇಲ್ಲದ್ದು: ಫೋಟೋ, ಬರವಣಿಗೆ, ಪ್ರಿಂಟ್ ಖರ್ಚು, ಸೋಷಿಯಲ್ ಮೀಡಿಯಾ.’ ಇಲ್ಲದ್ದನ್ನು ಬರೆಯುವುದು ಇರುವುದನ್ನು ಬರೆಯುವಷ್ಟೇ ಮುಖ್ಯ. ತಿದ್ದುಪಡಿ ಅಂದರೇನು ಅಂತಲೂ ಹೇಳಿ. ಬಣ್ಣ ತುಸು ಗಾಢ ಮಾಡುವುದು ತಿದ್ದುಪಡಿ. ಒಪ್ಪಿದ ಮಾದರಿ ಬಿಟ್ಟು ‘ಆನೆ ಬೇಡ, ನವಿಲು ಮಾಡಿ’ ಅನ್ನುವುದು ಹೊಸ ಕೆಲಸ. ಹೊಸ ಕೆಲಸಕ್ಕೆ ಒಂದು ದರ ಅಲ್ಲೇ ಬರೆದಿಟ್ಟರೆ ಆಮೇಲೆ ಮುಖ ನೋಡಿಕೊಂಡು ಕೇಳುವ ಸಂಕೋಚ ಇರುವುದಿಲ್ಲ. ‘ಹೆಚ್ಚಿನ ಪ್ರತಿ ಪೌಚಿಗೆ ಇಷ್ಟು’ ಅನ್ನುವ ಒಂದೇ ಸಾಲು ಇದ್ದಿದ್ದರೆ ನಿಮ್ಮ ಆ ಐದು ಪೌಚಿನ ತಕರಾರೇ ಇರುತ್ತಿರಲಿಲ್ಲ.

ಹಣ: ಪೂರ್ತಿ ಮುಂಗಡ ಕೇಳಿ ಅಂತ ಕೆಲವರು ಹೇಳುತ್ತಾರೆ. ಹೊಸ ಪಾರ್ಟಿ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಶುರುವಿಗೆ 40%, ಲೋಗೋ ಒಪ್ಪಿದಾಗ 30%, ಕೊನೆಯ ಫೈಲ್ ಕೈಗೆ ಕೊಡುವ ಮೊದಲು 30% ಅಂತ ಮಾಡಿದರೆ ಯಾರ ಕೈಯೂ ಪೂರ್ತಿ ಕಟ್ಟಿಹೋಗುವುದಿಲ್ಲ. ಜಿಎಸ್‌ಟಿ ನೋಂದಣಿ ಇದ್ದರೆ ಅದು ಫೀಸಿನ ಮೇಲೆ ಬೇರೆ ಅಂತ ಬರೆಯಿರಿ. ಕಂಪನಿಗಳು ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಮುರಿದುಕೊಂಡು ಕೊಡುತ್ತವೆ. ಅದು ನಷ್ಟವಲ್ಲ, ನಿಮ್ಮ ಪ್ಯಾನ್‌ಗೆ ಜಮಾ ಆಗುತ್ತದೆ, ಆದರೆ ಕೈಗೆ ಬರುವುದು ಕಡಿಮೆ ಅನ್ನುವುದು ಮೊದಲೇ ಗೊತ್ತಿರಲಿ. ತಡವಾದರೆ ‘ದಿನಕ್ಕೆ 10% ದಂಡ’ ಅಂತ ಬರೆಯುವವರಿದ್ದಾರೆ. ಅದರಿಂದ ಏನೂ ಲಾಭವಿಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕೋರ್ಟು ಕೊಡುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಅಂಕಿ ಅದಕ್ಕೆ ಮೇಲ್ಮಿತಿ. ಉದ್ಯಮ್ ಇದ್ದವರಿಗೆ ಎಂಎಸ್‌ಎಂಇಡಿ ಕಾಯ್ದೆಯೇ ಬಡ್ಡಿ ಕೊಡುತ್ತದೆ: ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ಆ ದರ 6% ಇದ್ದರೆ ಬಡ್ಡಿ 18%. ಕರಾರಿನಲ್ಲಿ ‘ಈ ಕಾಯ್ದೆ ಪ್ರಕಾರ ಬಡ್ಡಿ’ ಅಂತ ಬರೆದು, ಇನ್‌ವಾಯ್ಸಿನ ಮೇಲೆ ಉದ್ಯಮ್ ನಂಬರ್ ಹಾಕಿ. ಅದನ್ನು ನೋಡಿದರೆ ಪಾರ್ಟಿಯ ಅಕೌಂಟೆಂಟ್ ತಾನೇ ಅವಸರ ಮಾಡುತ್ತಾನೆ. ಯಾಕೆಂದರೆ 2024-25ರ ಅಸೆಸ್‌ಮೆಂಟ್ ವರ್ಷದಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಗಡುವಿನೊಳಗೆ ಕೊಡದಿದ್ದರೆ ಅದನ್ನು ಆ ವರ್ಷದ ಖರ್ಚಾಗಿ ತೋರಿಸಲು ಬರುವುದಿಲ್ಲ, ನಿಜವಾಗಿ ಕೊಟ್ಟ ವರ್ಷವೇ ತೋರಿಸಬೇಕು.

ಹಕ್ಕಿನ ಕಲಮಿಗೆ ಒಂದು ವಾಕ್ಯ ಸಾಲದು. ‘ಎಲ್ಲ ಹಕ್ಕು ಪಾರ್ಟಿಗೆ’ ಅಂತ ಬರೆದು ಅವಧಿ ಬರೆಯದಿದ್ದರೆ ಕಾಪಿರೈಟ್ ಕಾಯ್ದೆ ಅದನ್ನು ಐದು ವರ್ಷಕ್ಕೆ ಮಾತ್ರ ಅಂತ ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷ ಬಳಸದಿದ್ದರೆ, ಬೇರೆ ರೀತಿ ಬರೆಯದ ಹೊರತು, ಅದು ಬಿದ್ದುಹೋಗುತ್ತದೆ. ದುಬೈಗೆ ಚಕ್ಕುಲಿ ಕಳಿಸುವ ಆಸೆ ಇರುವ ಹೋಟೆಲಿನವರಿಗೆ ಇದನ್ನು ತಿಳಿಸಿ ಹೇಳಿ, ಕಾಗದ ತನ್ನ ಒಳ್ಳೆಯದಕ್ಕೇ ಅಂತ ಅವರಿಗೆ ಅರ್ಥವಾಗುತ್ತದೆ. ನನ್ನ ರೂಢಿ ಹೀಗೆ: ‘ಪೂರ್ತಿ ಹಣ ಬಂದ ದಿನದಿಂದ, ಆರಿಸಿದ ಅಂತಿಮ ಲೋಗೋ ಮತ್ತು ಆರು ಪೌಚಿನ ಹಕ್ಕು, ಕಾಪಿರೈಟ್ ಇರುವಷ್ಟು ಕಾಲ, ಇಡೀ ಜಗತ್ತಿಗೆ, ಪಾರ್ಟಿಗೆ ಹೋಗುತ್ತದೆ. ಆರಿಸದೆ ಬಿಟ್ಟ ಮಾದರಿಗಳು ಡಿಸೈನರದೇ. ತನ್ನ ಪೋರ್ಟ್‌ಫೋಲಿಯೋದಲ್ಲಿ ಕೆಲಸವನ್ನು ತೋರಿಸಲು ಡಿಸೈನರ್‌ಗೆ ಅನುಮತಿ ಇದೆ.’ ಫೋಟೋ ಅಥವಾ ಕೈಯಲ್ಲಿ ಬರೆದ ಪೇಂಟಿಂಗ್ ಇದ್ದರೆ ಹುಷಾರು. ಹಣ ಕೊಟ್ಟು ಹೇಳಿ ಮಾಡಿಸಿದ ಫೋಟೋ, ಪೇಂಟಿಂಗ್‌ಗೆ ಕಾಯ್ದೆಯಲ್ಲಿ ಬೇರೆ ನಿಯಮ: ಏನೂ ಬರೆಯದಿದ್ದರೆ ಮೊದಲ ಒಡೆತನ ಮಾಡಿಸಿದವರದು.

ಓಪನ್ ಫೈಲ್ ಕೊಡಲೇಬಾರದು ಅನ್ನುವ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ಕೊಡಿ, ಅದಕ್ಕೆ ಬೆಲೆ ಹಾಕಿ ಕೊಡಿ. ಆದರೆ ‘ಓಪನ್ ಫೈಲ್’ ಅಂದರೇನು ಅಂತ ಬರೆಯಿರಿ. ಪ್ರೆಸ್ಸಿನವರು ಕನ್ನಡ ಅಕ್ಷರ ಒಡೆಯಬಾರದು ಅಂತ ‘ಕರ್ವ್ ಮಾಡಿ ಕೊಡಿ’ ಅನ್ನುತ್ತಾರೆ. ಕರ್ವ್ ಮಾಡಿದ ಫೈಲಿನಲ್ಲಿ ಅಕ್ಷರ ಚಿತ್ರವಾಗಿರುತ್ತದೆ, ಟೈಪ್ ಮಾಡಿ ತಿದ್ದಲು ಬರುವುದಿಲ್ಲ. ಪಾರ್ಟಿ ಕೇಳುವುದು ತಿದ್ದಲು ಬರುವ ಫೈಲ್. ಆ ಫೈಲ್ ತೆರೆಯಬೇಕಾದರೆ ಫಾಂಟ್ ಅವರ ಹತ್ತಿರವೂ ಇರಬೇಕು. ದುಡ್ಡಿನ ಫಾಂಟ್ ಆದರೆ ಲೈಸೆನ್ಸ್ ಅವರೇ ಕೊಳ್ಳಬೇಕು ಅಂತ ಕರಾರಿನಲ್ಲಿರಲಿ. ಸಾಧ್ಯವಾದಲ್ಲಿ ಮುಕ್ತ ಲೈಸೆನ್ಸಿನ ಕನ್ನಡ ಫಾಂಟ್ ಬಳಸಿ. ಮುಂಬಯಿಯ ಏಕ್ ಟೈಪ್‌ನವರು ಮಾಡಿದ ಬಾಲೂ ತಮ್ಮ ಅಂಥದ್ದೊಂದು, ದಪ್ಪಗೆ ಚೆನ್ನಾಗಿ ಕಾಣುತ್ತದೆ. ಲೋಗೋದ ಟ್ರೇಡ್‌ಮಾರ್ಕ್ ಹುಡುಕಾಟ ನಿಮ್ಮ ಕೆಲಸವಲ್ಲ, ಅವರೇ ಮಾಡಿಸಿಕೊಳ್ಳಬೇಕು ಅಂತಲೂ ಒಂದು ಸಾಲು ಸೇರಿಸಿ.

ಕೆಲಸ ನಡುವೆ ನಿಂತರೆ ಏನು ಅನ್ನುವುದನ್ನು ತುಂಬಾ ಜನ ಬರೆಯುವುದೇ ಇಲ್ಲ. ‘ಯಾರು ಬೇಕಾದರೂ 10 ದಿನದ ನೋಟಿಸು ಕೊಟ್ಟು ನಿಲ್ಲಿಸಬಹುದು, ಅಲ್ಲಿಯವರೆಗೆ ಮುಗಿದ ಹಂತದ ಹಣ ಕೊಡಬೇಕು, ಅಡ್ವಾನ್ಸ್ ವಾಪಸ್ ಇಲ್ಲ’ ಅಂದರೆ ಸಾಕು.

ಈಗ ಗೋವಾದ 14 ಪುಟ. ಅದನ್ನು ನೋಡಿ ಹೆದರಬೇಡಿ, ಬಹುಶಃ ಹೊರದೇಶದ ಮಾದರಿಯನ್ನು ಇಳಿಸಿಕೊಂಡಿದ್ದಾರೆ. ‘ವರ್ಕ್ ಫಾರ್ ಹೈರ್’, ಅಂದರೆ ಮಾಡಿದ ಕೆಲಸ ಮೊದಲಿನಿಂದಲೇ ಮಾಡಿಸಿದವರ ಸ್ವತ್ತು ಅನ್ನುವುದು, ಅಮೆರಿಕದ ಕಾನೂನಿನ ಮಾತು. ನಮ್ಮಲ್ಲಿ ಆ ಮೂರು ಪದ ಬರೆದ ಮಾತ್ರಕ್ಕೆ ಫ್ರೀಲಾನ್ಸರ್ ನೌಕರಳಾಗುವುದಿಲ್ಲ. ಅದನ್ನು ತೆಗೆಸಿ ಮೇಲೆ ಹೇಳಿದ ಹಕ್ಕಿನ ಕಲಂ ಹಾಕಿಸಿ. 90 ದಿನದ ಗಡುವು ಉದ್ಯಮ್ ಇದ್ದವರ ಮೇಲೆ ನಡೆಯುವುದಿಲ್ಲ, ಕೆಲಸ ಸ್ವೀಕರಿಸಿದ ಮೇಲೆ 45 ದಿನಕ್ಕಿಂತ ಜಾಸ್ತಿ ಬರೆಯುವಂತಿಲ್ಲ. 30 ಕೇಳಿ, 45ಕ್ಕೆ ಒಪ್ಪಿ. ಕರಾರು ಮುಗಿದ ಮೇಲೂ ಎರಡು ವರ್ಷ ಬೇರೆ ಹೋಮ್‌ಸ್ಟೇ ಕೆಲಸ ಮಾಡಬಾರದು ಅನ್ನುವುದು ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅಸಿಂಧು. ಆದರೂ ಸಹಿ ಮಾಡುವ ಮೊದಲೇ ಹೊಡೆಸಿಹಾಕಿ. ಅಸಿಂಧು ಅಂತ ಸಾಬೀತು ಮಾಡಲು ನೀವೇ ಕೋರ್ಟಿಗೆ ಓಡಾಡುವ ಗತಿ ಬರಬಾರದು. ಅವರ ಗುಟ್ಟು ಕಾಪಾಡುತ್ತೇನೆ ಅನ್ನುವ ಷರತ್ತು ಬೇರೆ, ಅದಕ್ಕೆ ಒಪ್ಪಬಹುದು. ‘ಮನಸ್ಸಿಗೆ ಒಪ್ಪುವವರೆಗೆ’ ಅನ್ನುವಲ್ಲಿ ಎರಡು ಸುತ್ತು ಅಂತ ಬರೆಸಿ.

ನನಗೆ ನಿಜವಾಗಿ ಚಿಂತೆ ತರುವುದು ನಷ್ಟ ಭರ್ತಿಯ ಕಲಂ. ಇಂಥ ಉದ್ದ ಕರಾರಿನಲ್ಲಿ ಅದು ಇದ್ದೇ ಇರುತ್ತದೆ, ಹುಡುಕಿ ನೋಡಿ. ಕಂಪನಿಗೆ ಆಗುವ ಯಾವುದೇ ನಷ್ಟ ಡಿಸೈನರ್ ತುಂಬಬೇಕು ಅಂತ ಇದ್ದರೆ, ಸಣ್ಣ ಫೀಸಿನ ಕೆಲಸಕ್ಕೆ ನೀವು ಮನೆ ಮಾರುವ ಹೊಣೆ ಹೊತ್ತ ಹಾಗೆ. ‘ಡಿಸೈನರ್ ಬೇರೆಯವರ ಕೆಲಸ ಕದ್ದಿದ್ದರೆ ಮಾತ್ರ, ಅದೂ ಪಡೆದ ಫೀಸಿನ ಮೊತ್ತದವರೆಗೆ’ ಅಂತ ಬದಲಿಸಲು ಕೇಳಿ. ಒಪ್ಪದಿದ್ದರೆ ಆ ಕೆಲಸ ಬಿಡುವುದೇ ಒಳ್ಳೆಯದು. ಉಳಿದ ಕಲಮುಗಳಲ್ಲಿ ಕೊಟ್ಟು ತೆಗೆದುಕೊಳ್ಳಬಹುದು, ಇದರಲ್ಲಿ ಮಾತ್ರ ಬೇಡ.

ಕರಾರು ಯಾವ ಭಾಷೆಯಲ್ಲಿ? ಕನ್ನಡದಲ್ಲಿ ಬರೆದರೂ ಕಾನೂನಿಗೆ ಸರಿಯೇ. ಮಹಾರಾಷ್ಟ್ರದ ಕೋರ್ಟಿಗೆ ಹೋದರೆ ಅನುವಾದ ಮಾಡಿಸಬೇಕಾಗುತ್ತದೆ, ಅಷ್ಟೇ. ನನ್ನ ಕಕ್ಷಿದಾರರಿಗೆ ಎರಡು ಪುಟ ಸರಳ ಇಂಗ್ಲಿಷಿನಲ್ಲಿ ಬರೆದುಕೊಟ್ಟು, ಅದರ ಸಾರವನ್ನು ಹತ್ತು ಸಾಲಿನ ಕನ್ನಡ ಮೆಸೇಜಾಗಿ ಕಳಿಸಲು ಹೇಳುತ್ತೇನೆ. ಹೋಟೆಲಿನ ಗಲ್ಲಾದಲ್ಲಿ ಕೂತವರು ಓದುವುದು ಆ ಮೆಸೇಜನ್ನೇ. ಸಹಿಗೆ ಆಧಾರ್ ಇ-ಸಹಿ ನಡೆಯುತ್ತದೆ.

ನಮ್ಮವರ ಹತ್ತಿರ ಕಾಗದ ಕೇಳುವ ಸಂಕೋಚಕ್ಕೆ ನನಗೆ ಕಂಡ ದಾರಿ ಒಂದೇ, ಕೆಲಸದ ಮಾತು ಬಂದ ಮೊದಲ ದಿನವೇ ಕೇಳುವುದು. ‘ಅಣ್ಣಾ, ನಾನು ಎಲ್ಲರಿಗೂ ಎರಡು ಪುಟ ಕಳಿಸ್ತೀನಿ, ನಿಮಗೂ ಕಳಿಸಿದ್ದೀನಿ. ಏನು ಮಾಡಿಕೊಡ್ತೀನಿ ಅಂತ ಅದರಲ್ಲಿದೆ, ಒಮ್ಮೆ ನೋಡಿ’ ಅಂದರೆ ಯಾರಿಗೂ ಬೇಜಾರಾಗುವುದಿಲ್ಲ. ಅವರೂ ಹೋಟೆಲಿಗೆ ಜಾಗ ಹಿಡಿಯುವಾಗ ಲೀವ್ ಆ್ಯಂಡ್ ಲೈಸೆನ್ಸ್ (ಬಾಡಿಗೆ ಜಾಗದ ಕರಾರು) ಕಾಗದ ಮಾಡಿಸಿಯೇ ಹಿಡಿದವರು. ಬಾಕಿ ಬಿದ್ದ ಮೇಲೆ ಕೇಳಿದರೆ ಮಾತ್ರ ಅದು ಅಪನಂಬಿಕೆ ಹಾಗೆ ಕೇಳಿಸುತ್ತದೆ.

ಈ ವಾರ ನೀವು ಮಾಡಬೇಕಾದದ್ದು: ಲೆಕ್ಕದ ಮೆಸೇಜ್ ಮುಂಬಯಿಗೆ, ತಿದ್ದಿದ ಕಲಮುಗಳು ಗೋವಾಕ್ಕೆ, ಉದ್ಯಮ್ ಇಲ್ಲದಿದ್ದರೆ ಅದರ ನೋಂದಣಿ. ಮುಂಬಯಿಯ ಉತ್ತರಕ್ಕೆ 15 ದಿನ ಕಾಯಿರಿ. ಅಲ್ಲಿಯವರೆಗೆ ಓಪನ್ ಫೈಲ್ ಕಳಿಸಬೇಡಿ, ‘ಸ್ವಲ್ಪ ಈ ಬಣ್ಣ ನೋಡಮ್ಮಾ’ ಅಂತ ಫೋನ್ ಬಂದರೂ ಹದಿನೈದನೇ ಸಲ ಲೋಗೋ ಮುಟ್ಟಬೇಡಿ.